ಮಾತ್ರೆ ನುಂಗಿ ಕಾಫಿ ಕುಡಿಯಬೇಡಿ: ಕೊಡಗಿನ ಅಡುಗೆಮನೆಗೆ ಸಿಸ್ಟರೊಬ್ಬಳ ಕಿವಿಮಾತು

ಕೊಡಗಿನಲ್ಲಿ ಯಾರ ಮನೆಯ ಮೆಟ್ಟಿಲು ಹತ್ತಿದರೂ ಮೊದಲು ಕಾಫಿ, ಆಮೇಲೆ ಮಾತು. 31 ವರ್ಷ ಆರೋಗ್ಯ ಇಲಾಖೆಯಲ್ಲಿ ಸಿಸ್ಟರ್ ಆಗಿದ್ದವಳು ನಾನು. ಹುಟ್ಟಿದ್ದು ಸೋಮವಾರಪೇಟೆ ಕಡೆ, ಕೆಲಸ ಮಾಡಿದ್ದೆಲ್ಲ ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ. ಬಿಪಿ ಮೆಷಿನ್ನು, ಮಾತ್ರೆ ಡಬ್ಬಿ, ರಿಜಿಸ್ಟರು ಚೀಲಕ್ಕೆ ತುರುಕಿಕೊಂಡು, ಮಳೆಗಾಲವಾದರೆ ಜಿಗಣೆಗೆಂದು ಒಂದು ಪೊಟ್ಟಣ ಉಪ್ಪನ್ನೂ ಇಟ್ಟುಕೊಂಡು ತೋಟದ ಕೂಲಿಯವರು ಇರುವ ಲೈನ್ ಮನೆಗಳನ್ನು ಸುತ್ತಿದ್ದೇನೆ. ಒಂದು ದಿನ ಸುಮ್ಮನೆ ಲೆಕ್ಕ ಇಟ್ಟೆ: ಸಂಜೆಯೊಳಗೆ ನನ್ನ ಮುಂದೆ ಬಂದ ಕಾಫಿ ಲೋಟ ಒಂಬತ್ತು. ಬೇಡ ಅಂದರೆ “ಯಾಕೆ ಸಿಸ್ಟರೇ, ನಮ್ಮನೇದು ಆಗಲ್ವಾ?” ಅನ್ನುವ ಪ್ರಶ್ನೆ. ಕುಡಿದೆ.

ಈಗ ನಿವೃತ್ತಿಯಾಗಿ ಮಡಿಕೇರಿಯಲ್ಲಿದ್ದೇನೆ. ಫೋನ್ ಮಾಡಿ ಕೇಳುವವರು ಮಾತ್ರ ನಿಂತಿಲ್ಲ. ಹಂದಿ ಬಿಡಬೇಕಾ ಸಿಸ್ಟರೇ, ಬೆಲ್ಲ ಒಳ್ಳೇದಲ್ವಾ, ಬಿದಿರಿನ ಕಳಲೆ ತಿಂದರೆ ಥೈರಾಯ್ಡ್ ಬರುತ್ತಂತೆ ಹೌದಾ? ಒಬ್ಬೊಬ್ಬರಿಗೆ ಹೇಳುವುದರ ಬದಲು ಬರೆದಿಟ್ಟರೆ ಆಯಿತು ಅಂತ ಕೂತಿದ್ದೇನೆ. ನಾನು ಕಂಡ ಹಾಗೆ ಜನ ಹೆದರುವ ಪದಾರ್ಥ ಒಂದು, ತೊಂದರೆ ಕೊಡುವ ಪದಾರ್ಥ ಇನ್ನೊಂದು. ಪಂದಿ ಕರಿಗೆ, ಅಂದರೆ ನಮ್ಮ ಹಂದಿ ಮಾಂಸದ ಅಡುಗೆಗೆ, ಬೈಯುತ್ತಾ ಆರನೇ ಲೋಟ ಬೆಲ್ಲದ ಕಾಫಿ ಹೀರುವವರು ಎಷ್ಟೋ ಮಂದಿ. ಅವರಲ್ಲಿ ನಾನೂ ಒಬ್ಬಳಾಗಿದ್ದೆ.

ಕಾಫಿ, ಮತ್ತು ಅದರ ಪಕ್ಕದಲ್ಲಿರುವ ಮಾತ್ರೆ

ಒಂದು ಲೈನ್ ಮನೆಯಲ್ಲಿ ಏಳು ತಿಂಗಳ ಬಸುರಿ ಹುಡುಗಿ ಇದ್ದಳು. ಹಿಮೋಗ್ಲೋಬಿನ್ 8.2. ಬಸುರಿಯರಲ್ಲಿ 11ಕ್ಕಿಂತ ಕೆಳಗೆ ಬಂದರೆ ರಕ್ತಹೀನತೆ ಅಂತಲೇ ಲೆಕ್ಕ. ನಾವು ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ನುಂಗುತ್ತಿಲ್ಲ ಅಂತ ನಾನು ಗದರಿದೆ. ಅವಳು ಅಕ್ಕಿ ಡಬ್ಬಿಯ ಹಿಂದಿನಿಂದ ಖಾಲಿಯಾದ ಮಾತ್ರೆ ಶೀಟುಗಳನ್ನೆಲ್ಲ ತೆಗೆದು ನನ್ನ ಮುಂದೆ ಹರಡಿದಳು. ಒಂದೂ ತಪ್ಪಿಸಿರಲಿಲ್ಲ. ನನಗೇ ನಾಚಿಕೆಯಾಯಿತು.

ಕಾರಣ ತಿಳಿದದ್ದು ಒಂದು ದಿನ ಬೆಳಿಗ್ಗೆ ಬೇಗ ಹೋದಾಗ. ತೋಟದ ಕೆಲಸಕ್ಕೆ ಹೊರಡುವ ಅವಸರದಲ್ಲಿ ನಿಂತುಕೊಂಡೇ ಅರ್ಧ ರೊಟ್ಟಿ ತಿಂದಳು, ಮಾತ್ರೆ ಬಾಯಿಗೆ ಹಾಕಿಕೊಂಡಳು, ಕರಿ ಕಾಫಿಯಲ್ಲಿ ಗುಟುಕ್ ಅಂತ ನುಂಗಿದಳು. ಕಾಫಿ, ಟೀಯಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಕೊಂಡು ಬಿಡುತ್ತವೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮಾತ್ರೆಯ ಕಬ್ಬಿಣವಾಗಲಿ, ಸೊಪ್ಪು ಕಾಳಿನ ಕಬ್ಬಿಣವಾಗಲಿ, ಗತಿ ಒಂದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ (ಐಸಿಎಂಆರ್) ಸೇರಿದ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲಿ ಇದನ್ನು ಬಿಡಿಸಿ ಹೇಳಿದೆ: ಊಟಕ್ಕೆ ಮುಂಚೆ ಒಂದು ಗಂಟೆ, ಊಟವಾದ ಮೇಲೆ ಒಂದು ಗಂಟೆ ಕಾಫಿ ಟೀ ಬೇಡ.

ಅವಳಿಗೆ ಬೆಳಗಿನ ಕಾಫಿ ಬಿಡು ಅಂದಿದ್ದರೆ ನನ್ನನ್ನೇ ಬಿಡುತ್ತಿದ್ದಳು. ಅದಕ್ಕೆ ಮಾತ್ರೆಯನ್ನು ರಾತ್ರಿಗೆ ಹಾಕಿದೆ. ಊಟವಾಗಿ ಒಂದು ಗಂಟೆ ಬಿಟ್ಟು, ಅರ್ಧ ನಿಂಬೆಹಣ್ಣು ಹಿಂಡಿದ ನೀರಿನಲ್ಲಿ. ನಿಂಬೆ, ಕಿತ್ತಳೆ, ನೆಲ್ಲಿಕಾಯಿಯ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ಸಹಾಯ ಮಾಡುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಬಾರದು, ಎರಡು ಗಂಟೆಯಾದರೂ ಅಂತರ ಇರಲಿ. ಮಲ ಕಪ್ಪಗಾದರೆ ಹೆದರಬೇಡ ಅಂತಲೂ ಹೇಳಿದೆ, ಅದಕ್ಕೆ ಹೆದರಿ ಮಾತ್ರೆಯನ್ನು ಒಲೆಗೆ ಹಾಕಿದವರನ್ನು ನೋಡಿದ್ದೇನೆ. ಜಂತುಹುಳದ ಮಾತ್ರೆಯನ್ನೂ ವೈದ್ಯರನ್ನು ಕೇಳಿ ಕೊಟ್ಟೆವು. ಹೆರಿಗೆಯ ಹೊತ್ತಿಗೆ ಹಿಮೋಗ್ಲೋಬಿನ್ 10 ದಾಟಿತ್ತು.

ಥೈರಾಯ್ಡ್ ಮಾತ್ರೆಯದೂ ಇದೇ ಕತೆ. ನನ್ನ ನಾದಿನಿ ಎರಡು ವರ್ಷ ಡಾಕ್ಟರ ಮೇಲೆ ಗೊಣಗಿದಳು, ಡೋಸ್ ಏರಿಸುತ್ತಲೇ ಇದ್ದಾರೆ, ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಅಳತೆ ಹೇಳುವ ಟಿಎಸ್‌ಎಚ್ ಇಳಿಯುತ್ತಿಲ್ಲ ಅಂತ. ನಮ್ಮ ಮನೆಯಲ್ಲಿ ಉಳಿದ ದಿನ ನೋಡಿದೆ: ಹಾಸಿಗೆಯಿಂದ ಏಳುತ್ತಲೇ ಮಾತ್ರೆ, ಅದನ್ನು ಇಳಿಸಲು ಹಾಲು ಹಾಕಿದ ಬಿಸಿ ಕಾಫಿ. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನಲ್ಲಿ ನುಂಗಬೇಕು, ಅರ್ಧದಿಂದ ಒಂದು ಗಂಟೆ ಏನನ್ನೂ ಕುಡಿಯಬಾರದು. ಈಗ ಅವಳು ಮಾತ್ರೆ ನುಂಗಿ, ಅಂಗಳ ಗುಡಿಸಿ, ಹೂವಿನ ಗಿಡಕ್ಕೆ ನೀರು ಹಾಕಿ ಆಮೇಲೆ ಕಾಫಿಗೆ ಕೂರುತ್ತಾಳೆ. ಒಂದು ಮಾತು: ಹೀಗೆ ಸಮಯ ಬದಲಿಸಿದರೆ ಡಾಕ್ಟರಿಗೆ ಹೇಳಿ. ಮಾತ್ರೆ ಸರಿಯಾಗಿ ಹಿಡಿಯತೊಡಗಿದಾಗ ಹಳೆಯ ಡೋಸ್ ಜಾಸ್ತಿಯಾಗಬಹುದು.

ಇಷ್ಟು ಹೇಳಿದ್ದಕ್ಕೆ ಕಾಫಿ ಕೆಟ್ಟದ್ದು ಅಂದುಕೊಳ್ಳಬೇಡಿ. ಮಿತವಾಗಿ ಕಾಫಿ ಕುಡಿಯುವವರಲ್ಲಿ ಎರಡನೇ ವಿಧದ ಸಕ್ಕರೆ ಕಾಯಿಲೆ, ಲಿವರ್ ಕಾಯಿಲೆ ಕಡಿಮೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಳತೆ ಗೊತ್ತಿದ್ದರೆ ಸಾಕು. ಪೋಷಣಾ ಸಂಸ್ಥೆಯ ಅದೇ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ದಾಟಬೇಡಿ ಅನ್ನುತ್ತದೆ. ಡಿಕಾಕ್ಷನ್ ಕಾಫಿಯ 150 ಮಿಲಿ ಲೋಟದಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಟೀಯಲ್ಲಿ 30ರಿಂದ 65. ಅಂದರೆ ಡಿಕಾಕ್ಷನ್ ಕಾಫಿ ಮೂರು ಲೋಟಕ್ಕೆ ಕೋಟಾ ಮುಗಿಯಿತು. ನಮ್ಮಲ್ಲಿ ಇನ್ನೊಂದು ಮಾತಿದೆ: ಕೊಡಗಿನ ತೋಟಗಳಲ್ಲಿ ಹೆಚ್ಚು ಬೆಳೆಯುವುದು ರೊಬಸ್ಟಾ ಜಾತಿಯ ಕಾಫಿ, ಅದರಲ್ಲಿ ಇನ್ನೊಂದು ಜಾತಿಯಾದ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಮನೆಯಲ್ಲೇ ಹುರಿದು ಪುಡಿ ಮಾಡಿದ ರೊಬಸ್ಟಾ ಕುಡಿಯುವವರು ಎರಡು ಲೋಟಕ್ಕೇ ನಿಲ್ಲಿಸುವುದು ಒಳ್ಳೆಯದು. ಬಸುರಿಯರು 200 ಮಿಲಿಗ್ರಾಂ ದಾಟಬಾರದು, ಅವರ ದೇಹದಿಂದ ಕೆಫೀನ್ ಹೊರಹೋಗುವುದೂ ನಿಧಾನ. ಅಂಗಡಿಯ ಪುಡಿಯಲ್ಲಿ ಚಿಕೋರಿ ಇದ್ದರೆ ಅಷ್ಟರ ಮಟ್ಟಿಗೆ ಕೆಫೀನ್ ಕಡಿಮೆ, ಏಕೆಂದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲ. ಪೊಟ್ಟಣದ ಮೇಲೆ ಎಷ್ಟು ಪಾಲು ಅಂತ ಬರೆದಿರುತ್ತದೆ, ಓದಿ.

ನಿದ್ದೆ ಬರುವುದಿಲ್ಲ ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಕೊನೆಯ ಕಾಫಿ ಎಷ್ಟು ಗಂಟೆಗೆ? ಕುಡಿದ ಕೆಫೀನಿನ ಅರ್ಧದಷ್ಟು ಐದು ಗಂಟೆಯಾದರೂ ಮೈಯಲ್ಲಿ ಉಳಿದಿರುತ್ತದೆ. ಸಂಜೆ ಆರಕ್ಕೆ ಮಳೆ ನೋಡುತ್ತಾ ಕುಡಿದದ್ದು ರಾತ್ರಿ ಹನ್ನೊಂದಕ್ಕೆ ಕಣ್ಣು ಬಿಡಿಸಿ ಕೂರಿಸುತ್ತದೆ. ಮಧ್ಯಾಹ್ನ ಮೂರರ ನಂತರ ನಾನು ಶುಂಠಿ, ಕರಿಮೆಣಸು ಕುದಿಸಿದ ನೀರಿಗೆ ಬದಲಾಯಿಸಿಕೊಂಡಿದ್ದೇನೆ. ಹೊಟ್ಟೆಯಲ್ಲಿ ಹುಣ್ಣು ಇದ್ದವರು ಮೆಣಸು ಬಿಟ್ಟು ಶುಂಠಿ ಮಾತ್ರ ಹಾಕಿಕೊಳ್ಳಿ.

ಬಿಪಿ ನೋಡಿಸುವ ಅರ್ಧ ಗಂಟೆ ಮುಂಚೆ ಕಾಫಿ ಬೇಡ. ಇದನ್ನು ಹೇಳಿದವಳು ನಾನೇ, ಮುರಿದವಳೂ ನಾನೇ. ಪ್ರತಿ ಮನೆಯಲ್ಲೂ ನನ್ನ ಜೊತೆ ಮನೆಯವರೂ ಕಾಫಿ ಮುಗಿಸಿ ಆಮೇಲೆ ತೋಳು ಚಾಚುತ್ತಿದ್ದರು. ಎಷ್ಟು ಜನರ ಬಿಪಿಯನ್ನು ಹೀಗೆ ಹೆಚ್ಚು ಬರೆದೆನೋ. ಆಮೇಲೆ ಮೊದಲು ಪಟ್ಟಿ ಕಟ್ಟಿ, ಆಮೇಲೆ ಲೋಟ ಮುಟ್ಟುವ ಅಭ್ಯಾಸ ಮಾಡಿಕೊಂಡೆ.

ಕೊಲೆಸ್ಟರಾಲ್ ಇರುವವರಿಗೆ ಒಂದು ಗುಟ್ಟು. ನಮ್ಮ ಬೆಲ್ಲದ ಕಾಫಿಯನ್ನು ಪುಡಿ ಹಾಕಿ ಕುದಿಸುತ್ತೇವಲ್ಲ, ಹಾಗೆ ಕುದಿಸಿದಾಗ ಕಾಫಿ ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ಅಂಶ ನೀರಿಗೆ ಬಿಡುತ್ತದೆ. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ತಡೆಹಿಡಿಯುತ್ತದೆ, ಸ್ಟೀಲಿನ ಜಾಲರಿ ಅಷ್ಟು ತಡೆಯುವುದಿಲ್ಲ. ನಮ್ಮ ಅಜ್ಜಿ ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಿದ್ದರು, ಒತ್ತಾಗಿ ನೇಯ್ದ ಬಟ್ಟೆಯೂ ಚೆನ್ನಾಗಿಯೇ ಹಿಡಿಯುತ್ತದೆ. ಕುದಿಸಿ, ಗಸಿ ತಳಕ್ಕೆ ಕೂರಲಿ ಅಂತ ಬಿಟ್ಟು ಹಾಗೇ ಬಗ್ಗಿಸಿ ಕುಡಿಯುವುದು ಮಾತ್ರ ದಿನನಿತ್ಯ ಬೇಡ.

ಬೆಲ್ಲ ತೂಗಿದ ದಿನ

ನಿವೃತ್ತಿಯ ವರ್ಷ ನನ್ನ ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ 6.2 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಆದರೆ ಒಳಗೆ ಕಾಲಿಟ್ಟ ಹಾಗೆ. ಸಕ್ಕರೆ ನಾನು ಮುಟ್ಟುವವಳೇ ಅಲ್ಲ, ಬೆಲ್ಲ ಮಾತ್ರ ಅಂತ ಲ್ಯಾಬಿನ ಹುಡುಗನ ಹತ್ತಿರ ವಾದ ಮಾಡಿದೆ. ಅವನು ನಕ್ಕ. ಕೋಪ ಬಂತು. ಮನೆಗೆ ಬಂದು, ಮಗ ಕೇಕ್ ಮಾಡಲು ತಂದಿದ್ದ ಪುಟ್ಟ ತಕ್ಕಡಿಯ ಮೇಲೆ ನಾನು ಒಂದು ಲೋಟಕ್ಕೆ ಹಾಕುವ ಬೆಲ್ಲದ ತುಂಡನ್ನು ಇಟ್ಟೆ. 14 ಗ್ರಾಂ. ದಿನಕ್ಕೆ ಆರು ಲೋಟ. 84 ಗ್ರಾಂ. ಸಕ್ಕರೆ, ಬೆಲ್ಲ, ಜೇನು ಎಲ್ಲ ಸೇರಿ ದಿನಕ್ಕೆ 25 ಗ್ರಾಂ ಒಳಗಿದ್ದರೆ ಉತ್ತಮ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಮೂರು ಪಟ್ಟು ದಾಟಿದ್ದೆ, ಅದೂ ಪಾಯಸ ಹೋಳಿಗೆ ಲೆಕ್ಕಕ್ಕೆ ಸೇರಿಸದೆ.

ಬೆಲ್ಲದಲ್ಲಿ ಕಬ್ಬಿಣ ಇದೆಯಲ್ಲ ಅಂತ ಎಲ್ಲರೂ ಕೇಳುತ್ತಾರೆ. ಇದೆ, ಚೂರು. ಆದರೆ ಅದನ್ನು ಕರಗಿಸಿಕೊಳ್ಳುವುದು ಕಾಫಿಯಲ್ಲಿ! ಇದ್ದ ಚೂರನ್ನೂ ಕಾಫಿಯೇ ಹಿಡಿದಿಟ್ಟುಕೊಳ್ಳುತ್ತದೆ. ಮಿಕ್ಕದ್ದು ಸಕ್ಕರೆಯೇ, ಬಣ್ಣ ಮಾತ್ರ ಬೇರೆ.

ಬಿಡುವ ರೀತಿ ಹೇಳುತ್ತೇನೆ. ಒಂದೇ ದಿನ ಬೆಲ್ಲ ನಿಲ್ಲಿಸಿದರೆ ಮೂರನೇ ದಿನ ಸಿಡುಕಿ ಮತ್ತೆ ಡಬ್ಬಿಗೆ ಕೈ ಹಾಕುತ್ತೀರಿ. ಅಚ್ಚು ಬೆಲ್ಲವನ್ನು ಭಾನುವಾರ ಕೂತು ಕತ್ತಿಯಲ್ಲಿ ಹೆರೆದು, ವಾರಕ್ಕೆ ಬೇಕಾದಷ್ಟನ್ನೇ ಒಂದು ಸಣ್ಣ ಡಬ್ಬಿಗೆ ಹಾಕಿ. ಮುಂದಿನ ವಾರ ಅದೇ ಡಬ್ಬಿಗೆ ಒಂದು ಹಿಡಿ ಕಡಿಮೆ. ಹೆರೆದ ಬೆಲ್ಲವನ್ನು ಚಮಚದಲ್ಲಿ ಅಳೆಯಬಹುದು, ಉಂಡೆಯನ್ನು ಅಳೆಯಲಾಗದು, ಇದೇ ಅದರ ಉಪಾಯ. ಆರು ವಾರಕ್ಕೆ ನಾನು ಲೋಟಕ್ಕೆ ಅರ್ಧ ಚಮಚಕ್ಕೆ ಬಂದೆ, ಲೋಟ ಮೂರಕ್ಕೆ. ಈಗ ಹಳೆಯ ಅಳತೆಯ ಕಾಫಿ ಯಾರಾದರೂ ಕೊಟ್ಟರೆ ಪಾನಕ ಕುಡಿದ ಹಾಗಾಗುತ್ತದೆ. ಕೋಟೆಯ ಸುತ್ತ ನಡೆಯಲೂ ಶುರು ಮಾಡಿದ್ದೆ, ಎರಡೂ ಸೇರಿ ಮುಂದಿನ ಪರೀಕ್ಷೆಯಲ್ಲಿ 5.8 ಬಂತು.

ಅಕ್ಕಿ ರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು, ಪಾಪುಟ್ಟು, ಮಧ್ಯಾಹ್ನ ಅನ್ನ. ಬೆಳಗಿನಿಂದ ರಾತ್ರಿವರೆಗೆ ಅಕ್ಕಿಯೇ ವೇಷ ಬದಲಿಸಿ ಬರುತ್ತದೆ ನಮ್ಮಲ್ಲಿ. ಎಣ್ಣೆಯಿಲ್ಲದೆ ಹಬೆಯಲ್ಲಿ ಬೇಯುತ್ತವೆ ಅನ್ನುವುದು ಕಡಂಬುಟ್ಟಿನಂಥವುಗಳ ಒಳ್ಳೆಯ ಗುಣ. ಸಕ್ಕರೆ ಇರುವವರಿಗೆ ನಾನು ಕಡಂಬುಟ್ಟು ಬಿಡಿ ಅನ್ನುವುದಿಲ್ಲ, ತಟ್ಟೆಗೆ ಬಡಿಸುವ ಕ್ರಮ ಬದಲಿಸಿ ಅನ್ನುತ್ತೇನೆ. ಮೊದಲು ಹುರುಳಿ, ಅವರೆ, ಅಲಸಂದೆ ಯಾವುದಾದರೂ ಕಾಳಿನ ಸಾರು ಮತ್ತು ಪಲ್ಯ ತಟ್ಟೆಯ ಅರ್ಧಕ್ಕಿಂತ ಹೆಚ್ಚು ತುಂಬಲಿ, ಉಳಿದ ಜಾಗದಲ್ಲಿ ಎರಡು ಕಡಂಬುಟ್ಟು. ಮೂರನೆಯದಕ್ಕೆ ಜಾಗವೇ ಇರಬಾರದು.

ಕಳಲೆಯ ಅವಸರ

ಆಷಾಢದ ಮಳೆಯಲ್ಲಿ ಬಿದಿರಿನ ಮೊಳಕೆ ಬಂದರೆ ನಮ್ಮವರಿಗೆ ತಡೆಯಲಾಗದು. ಕಳಲೆ ಅನ್ನಿ, ಕಣಿಲೆ ಅನ್ನಿ, ಕೊಡವರ ಮನೆಯ ಬೈಂಬಳೆ ಅನ್ನಿ. ನಾರಿನಂಶ, ಪೊಟ್ಯಾಸಿಯಂ ಚೆನ್ನಾಗಿದೆ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಹಸಿ ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಪದಾರ್ಥ ಇರುತ್ತದೆ, ಅದು ಒಡೆದಾಗ ಬರುವುದು ಸಯನೈಡ್. ಅಜ್ಜಿಯಂದಿರಿಗೆ ಹೆಸರು ಗೊತ್ತಿರಲಿಲ್ಲ, ನೀರಿನಲ್ಲಿ ಹಾಕಿಡಬೇಕು ಅನ್ನುವುದು ಗೊತ್ತಿತ್ತು.

ಮದುವೆಯಾದ ವರ್ಷ ನನಗೆ ಅಷ್ಟೂ ತಾಳ್ಮೆ ಇರಲಿಲ್ಲ. ಅತ್ತೆ ಊರಿನಲ್ಲಿಲ್ಲದ ದಿನ ನೆರೆಮನೆಯಿಂದ ಬಂದ ಕಳಲೆಯನ್ನು ಬೆಳಿಗ್ಗೆ ಹೆಚ್ಚಿ, ಮಧ್ಯಾಹ್ನಕ್ಕೇ ಸ್ವಲ್ಪ ಬೇಯಿಸಿ ಪಲ್ಯ ಮಾಡಿಟ್ಟೆ. ಕಹಿ ಇತ್ತು, ತೆಂಗಿನತುರಿ ಜಾಸ್ತಿ ಹಾಕಿ ಮುಚ್ಚಿದೆ. ಸಂಜೆಗೆ ನನ್ನ ಗಂಡನಿಗೂ ಮೈದುನನಿಗೂ ತಲೆ ಸುತ್ತು, ವಾಂತಿ. ಆಸ್ಪತ್ರೆಗೆ ಹೋಗಿ ಒಂದು ರಾತ್ರಿ ಕಳೆದು ಬಂದರು. ನರ್ಸಿಂಗ್ ಕಲಿತ ಸೊಸೆ ಮಾಡಿದ ಮೊದಲ ಕಳಲೆ ಪಲ್ಯ ಅಂತ ಮೈದುನ ಇವತ್ತಿಗೂ ಬಂದವರಿಗೆಲ್ಲ ಹೇಳುತ್ತಾನೆ.

ಸರಿಯಾದ ರೀತಿ ಹೀಗೆ. ಮೇಲಿನ ಒರಟು ಸಿಪ್ಪೆಯನ್ನೆಲ್ಲ ಸುಲಿದು, ಕತ್ತಿ ಸಲೀಸಾಗಿ ಇಳಿಯುವ ಎಳೆಯ ಭಾಗ ಮಾತ್ರ ಇಟ್ಟುಕೊಳ್ಳಿ. ಕತ್ತಿ ತಡೆಯಿತು ಅಂದರೆ ಅದು ಬಿದಿರು, ಕಳಲೆಯಲ್ಲ. ತೆಳ್ಳಗೆ ಹೆಚ್ಚಿ. ದಪ್ಪ ತುಂಡಿನ ಒಳಗಿನದು ನೀರಿಗೆ ಬರುವುದಿಲ್ಲ. ತುಂಬ ನೀರಿನಲ್ಲಿ ಎರಡರಿಂದ ಮೂರು ದಿನ ಮುಳುಗಿಸಿಡಿ, ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು ಹಾಕಿ. ಮೂರನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ. ಅದು ಕೆಟ್ಟದ್ದಲ್ಲ, ಆ ವಾಸನೆಗೇ ಜನ ಮರುಳಾಗುವುದು. ಆಮೇಲೆ ಹೊಸ ನೀರಿನಲ್ಲಿ, ಮುಚ್ಚಳ ಮುಚ್ಚದೆ, ಅರ್ಧ ಗಂಟೆ ಕುದಿಸಿ. ಮುಚ್ಚಳ ಯಾಕೆ ಬೇಡ ಅಂದರೆ ಆ ವಿಷ ಹಬೆಯ ಜೊತೆ ಹೊರಗೆ ಹೋಗಬೇಕು. ಅಡುಗೆಮನೆಯ ಕಿಟಕಿಯೂ ತೆರೆದಿರಲಿ. ಕುದಿಸಿದ ನೀರನ್ನು ಸಾರಿಗೆ ಬಳಸದೆ ಚೆಲ್ಲಿ. ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿ ಇದ್ದರೆ ಇನ್ನೊಮ್ಮೆ ಕುದಿಸಿ. ತೆಂಗಿನಕಾಯಿಯಲ್ಲಿ ಮುಚ್ಚಬೇಡಿ.

ಥೈರಾಯ್ಡ್ ಪ್ರಶ್ನೆಗೆ ಉತ್ತರ: ಕಳಲೆಯಿಂದ ದೇಹದಲ್ಲಿ ಉಂಟಾಗುವ ಥಯೋಸಯನೇಟ್ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರಲು ಅಡ್ಡ ಬರುತ್ತದೆ. ಚೆನ್ನಾಗಿ ನೆನೆಸಿ ಕುದಿಸಿದ್ದನ್ನು ಮಳೆಗಾಲದಲ್ಲಿ ಆಗೊಮ್ಮೆ ಈಗೊಮ್ಮೆ ತಿಂದರೆ ಹೆದರಬೇಕಿಲ್ಲ. ಥೈರಾಯ್ಡ್ ಇರುವವರು ವಾರಗಟ್ಟಲೆ ಪ್ರತಿದಿನ ತಿನ್ನಬೇಡಿ, ಅಡುಗೆಗೆ ಅಯೋಡಿನ್ ಉಪ್ಪು ಬಳಸಿ. ಉಪ್ಪಿನಲ್ಲಿ ಹಾಕಿಟ್ಟ ಕಳಲೆ ಬಿಪಿಯವರಿಗಲ್ಲ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಮಿತಿ. ಉಪ್ಪಿನಕಾಯಿ ಒಂದೇ ಎಷ್ಟು ನುಂಗುತ್ತದೋ ನೋಡಿಕೊಳ್ಳಿ.

ಕೆಸುವಿನ ಎಲೆಯದೂ ಇಂಥದೇ ಜಗಳ, ಗಂಟಲಲ್ಲಿ. ಅದರಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ನಿಜವಾಗಿಯೂ ಚುಚ್ಚುತ್ತವೆ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹೆಚ್ಚಿ, ಹುಣಸೆಹುಳಿ ಹಾಕಿ ಎಲೆ ಪೂರ್ತಿ ಕರಗುವವರೆಗೆ ಬೇಯಿಸಿ. ಕಿಡ್ನಿಯಲ್ಲಿ ಕಲ್ಲಾದವರು ಮೊದಲು ಬೇಯಿಸಿದ ನೀರು ಚೆಲ್ಲಿ, ಜೊತೆಗೆ ಮೊಸರು ಹಾಕಿಕೊಂಡು ಸ್ವಲ್ಪವೇ ತಿನ್ನಿ. ಮೊಸರಿನ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಆಕ್ಸಲೇಟನ್ನು ಕಟ್ಟಿಹಾಕುತ್ತದೆ. ನಮ್ಮಲ್ಲಿ ಮಳೆಗಾಲದ ಚಳಿಗೆ ಯಾರಿಗೂ ನೀರು ಬೇಡ, ಕಲ್ಲಿಗೆ ಅದೂ ಒಂದು ದಾರಿ. ಬಿಸಿನೀರನ್ನಾದರೂ ಫ್ಲಾಸ್ಕಿನಲ್ಲಿಟ್ಟು ಕುಡಿಯಿರಿ, ಕುದಿಸಿದ್ದೇ ಆಗಿರಲಿ. ತೊರೆಯ ನೀರು ಕನ್ನಡಿಯಂತೆ ಕಂಡ ಮಾತ್ರಕ್ಕೆ ಶುದ್ಧವಲ್ಲ.

ಪಂದಿ ಕರಿ ಮತ್ತು ಕಾಚಂಪುಳಿ

ಹಂದಿ ಮಾಂಸದಲ್ಲಿ ಪ್ರೋಟೀನ್ ಜೊತೆಗೆ ವಿಟಮಿನ್ ಬಿ1 ಬೇರೆ ಮಾಂಸಗಳಿಗಿಂತ ಬಹಳ ಹೆಚ್ಚು. ತೊಂದರೆ ಕೊಬ್ಬಿನಲ್ಲಿ. ಕೊಬ್ಬಿಲ್ಲದಿದ್ದರೆ ರುಚಿಯೆಲ್ಲಿ ಅಂತ ನಮ್ಮ ಮನೆಯವರು ಈಗಲೂ ಮುಖ ಊದಿಸುತ್ತಾರೆ, ಅವರಿಗೋಸ್ಕರ ಕಲಿತ ಉಪಾಯ ಇದು. ಮಾಂಸವನ್ನು ಅದರ ಕೊಬ್ಬಿನಲ್ಲೇ ಬಾಡಿಸಿ, ಕಪ್ಪಗೆ ಹುರಿದ ಮಸಾಲೆ ಹಾಕಿ ಹಿಂದಿನ ಸಂಜೆಯೇ ಬೇಯಿಸಿ ಮುಗಿಸುತ್ತೇನೆ. ಆರಿದ ಮೇಲೆ ಫ್ರಿಜ್ಜಿನಲ್ಲಿಡುತ್ತೇನೆ. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಇನ್ನೊಂದು ಮುಚ್ಚಳ: ಬೆಳ್ಳಗೆ ಗಟ್ಟಿಯಾದ ಕೊಬ್ಬು, ಅಂಚಿನಲ್ಲಿ ಮಸಾಲೆಯ ಕಂದು ಗೆರೆ. ಚಮಚವನ್ನು ಒಂದು ಬದಿಯಿಂದ ತೂರಿಸಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕೆಳಗಿನ ಕರಿಯನ್ನು ಕುದಿಸಿ ಕಾಚಂಪುಳಿ ಎಂಬ ನಮ್ಮ ಕಪ್ಪು ಹುಳಿ ಹಾಕಿದರೆ ಆಯಿತು. ಎರಡನೇ ದಿನದ ಪಂದಿ ಕರಿಯೇ ರುಚಿ ಅಂತ ಹೊಗಳುವವರಿಗೆ ಕೊಬ್ಬು ತೆಗೆದದ್ದು ಗೊತ್ತೇ ಆಗುವುದಿಲ್ಲ. ತೆಗೆದ ಕೊಬ್ಬನ್ನು ಮಾತ್ರ ಮರುದಿನ ರೊಟ್ಟಿಗೆ ಸವರಬೇಡಿ, ಮಾಡಿದ್ದೆಲ್ಲ ವ್ಯರ್ಥ.

ಒಳಗೆ ಕೆಂಪು ಉಳಿಯದಂತೆ ಬೇಯಬೇಕು, ಇಲ್ಲದಿದ್ದರೆ ಲಾಡಿಹುಳು ಕರುಳಿಗೆ ಸೇರಬಹುದು. ಇಲ್ಲೊಂದು ವಿಷಯ ತಿಳಿದಿರಲಿ. ಫಿಟ್ಸ್ ಬರಿಸುವ, ಮೆದುಳಿಗೆ ಸೇರುವ ಹುಳದ ಗಂಟು ಹಂದಿ ತಿನ್ನುವವರಿಗೆ ಮಾತ್ರ ಬರುವುದಲ್ಲ. ಅದು ಬರುವುದು ಹುಳದ ಮೊಟ್ಟೆ ಬಾಯಿಗೆ ಹೋದಾಗ, ಅಂದರೆ ತೊಳೆಯದ ಕೈ, ಗಲೀಜು ನೀರು, ತೊಳೆಯದ ಹಸಿ ಸೊಪ್ಪು ತರಕಾರಿಯಿಂದ. ಜನ್ಮದಲ್ಲಿ ಹಂದಿ ಮುಟ್ಟದ ಸಸ್ಯಾಹಾರಿಗಳಿಗೂ ಬಂದದ್ದಿದೆ. ಕೊತ್ತಂಬರಿ ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆಯಿರಿ.

ಕಾಚಂಪುಳಿ ಮಾಡುವುದನ್ನು ನೋಡಿದ್ದೀರಾ? ಮಲೆನಾಡಿನವರು ಉಪ್ಪಗೆ ಅನ್ನುವ ಹಣ್ಣನ್ನು ಬುಟ್ಟಿಯಲ್ಲಿ ಪೇರಿಸಿ, ಕೆಳಗೆ ತೊಟ್ಟಿಕ್ಕಿದ ರಸವನ್ನು ಕುದಿಸಿ ಕುದಿಸಿ ಡಾಂಬರಿನಂತೆ ಕಪ್ಪು ಮಾಡುವುದು. ಕಿಲೋ ಮಾಂಸಕ್ಕೆ ಎರಡು ಚಮಚ ಸಾಕು, ಗಾಜಿನ ಶೀಸೆಯಲ್ಲಿಡಿ, ಅಲ್ಯುಮಿನಿಯಂ ಪಾತ್ರೆ ಬೇಡ. ಅಡುಗೆಯ ಅಳತೆಯಲ್ಲಿ ತೊಂದರೆ ಇಲ್ಲ. ನನಗೆ ಸಿಟ್ಟು ಬರುವುದು ಅದನ್ನು ತೂಕ ಇಳಿಸುವ ಔಷಧಿ ಅಂತ ಬೆಳಿಗ್ಗೆ ಬಿಸಿನೀರಿಗೆ ಹಾಕಿ ಕುಡಿಯುವವರ ಮೇಲೆ. ಹಲ್ಲಿನ ಮೇಲ್ಪದರ ಸವೆಯುತ್ತದೆ, ಹುಳಿತೇಗು ಹೆಚ್ಚುತ್ತದೆ. ಇದೇ ಹಣ್ಣಿನ ಸಾರದಿಂದ ಮಾಡಿದ ಗಾರ್ಸಿನಿಯಾ ಕ್ಯಾಪ್ಸೂಲುಗಳನ್ನು ನುಂಗಿ ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಹುಳಿ ಕರಿಗೆ ಇರಲಿ.

ಕಕ್ಕಡ, ಜೇನು, ಬ್ರಾಂಡಿ

ಆಗಸ್ಟ್ 3ರ ಹೊತ್ತಿಗೆ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಅನ್ನುವುದು ನಂಬಿಕೆ. ಸೊಪ್ಪು ಕುದಿಸಿದ ನೀರು ನೇರಳೆಯಾಗಿ ಪಾಯಸ ಮಾಡಿದರೆ ಮಕ್ಕಳೂ ತಟ್ಟೆ ನೆಕ್ಕುತ್ತಾರೆ. ಆ ಸೊಪ್ಪಿನಲ್ಲಿ ಆಂಟಿ ಆಕ್ಸಿಡೆಂಟುಗಳಿವೆ ಅಂತ ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ. ಅಷ್ಟಕ್ಕೇ ಅವತ್ತು ಬಿಪಿ ಮಾತ್ರೆ ಬಿಡಬೇಡಿ. ಪಾಯಸ ತಿಂದ ಮರುದಿನ ಸೊಪ್ಪಿನ ಬಣ್ಣಕ್ಕೆ ಮೂತ್ರ ಕೆಂಪಗೆ ಹೋಗುತ್ತದೆ. ಹೊರಗಿನಿಂದ ಬಂದ ಹೊಸ ಡಾಕ್ಟರೊಬ್ಬರು ಒಂದೇ ಬೆಳಿಗ್ಗೆ ಹತ್ತಾರು ಜನ ಹೀಗೆ ಬಂದದ್ದು ನೋಡಿ ಗಾಬರಿಯಾಗಿದ್ದರು, ನಾನು ನಕ್ಕು ಅವರಿಗೂ ಒಂದು ಬಟ್ಟಲು ಪಾಯಸ ತಂದುಕೊಟ್ಟೆ. ಆದರೆ ಎರಡು ದಿನ ಕಳೆದರೂ ಕೆಂಪು ನಿಲ್ಲದಿದ್ದರೆ, ಅಥವಾ ಪಾಯಸ ತಿನ್ನದೆಯೇ ಬಂದರೆ, ಅದು ಸೊಪ್ಪಲ್ಲ. ತೋರಿಸಿಕೊಳ್ಳಿ.

ಅಣಬೆಯ ಬಗ್ಗೆ ಉದ್ದ ಮಾತಿಲ್ಲ. ಹುತ್ತದ ಅಣಬೆಯನ್ನು ಹುಟ್ಟಿದಾಗಿನಿಂದ ಗುರುತಿಸಿ ಬಲ್ಲವರು ಕಿತ್ತು ಕೊಟ್ಟರೆ ಮಾತ್ರ ತಿನ್ನಿ. ಬೆಳ್ಳಿ ಚಮಚ ಕಪ್ಪಾಗುತ್ತದೆ, ಹುಳ ತಿಂದಿದ್ದರೆ ವಿಷವಲ್ಲ, ಇವೆಲ್ಲ ಸುಳ್ಳು. ಕೆಲವು ಅಣಬೆಯ ವಿಷ ಕುದಿಸಿದರೂ ಹೋಗುವುದಿಲ್ಲ, ತಿಂದು ಆರರಿಂದ ಹನ್ನೆರಡು ಗಂಟೆ ಏನೂ ಆಗದೆ ಆಮೇಲೆ ವಾಂತಿ ಭೇದಿ ಶುರುವಾಗುತ್ತದೆ, ಅಷ್ಟರಲ್ಲಿ ವಿಷ ಲಿವರ್‌ಗೆ ಇಳಿದಿರುತ್ತದೆ. ಉಳಿದ ಅಣಬೆಯ ಚೂರನ್ನೂ ಕವರಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿ.

ಕೊಡಗಿನ ಜೇನು ನನಗೂ ಹೆಮ್ಮೆಯೇ. ಆದರೆ ಹುಟ್ಟಿದ ಮಗುವಿನ ನಾಲಿಗೆಗೆ ಚಿನ್ನದ ಉಂಗುರದಲ್ಲಿ ಜೇನು ಸವರುವ ಅಜ್ಜಿಯರ ಕೈ ಹಿಡಿದು ನಿಲ್ಲಿಸಿದ್ದೇನೆ, ಬೈಸಿಕೊಂಡಿದ್ದೇನೆ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೂಡದು. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜ ದೊಡ್ಡವರ ಹೊಟ್ಟೆಯಲ್ಲಿ ಸುಮ್ಮನಿದ್ದು ಹೋಗುತ್ತದೆ, ಹಸುಗೂಸಿನ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ. ಶಾಸ್ತ್ರ ಬೇಕೇ ಬೇಕು ಅಂದರೆ ಉಂಗುರಕ್ಕೆ ಜೇನಿನ ಬದಲು ತಾಯಿಯ ಹಾಲು ಮುಟ್ಟಿಸಿ ಅನ್ನುತ್ತಿದ್ದೆ. ಅರ್ಧದಷ್ಟು ಅಜ್ಜಿಯರು ಒಪ್ಪಿದರು.

ಮಗುವಿಗೆ ಶೀತವಾದರೆ ಚಮಚದಲ್ಲಿ ಬ್ರಾಂಡಿ ಹಾಕುವ ಅಭ್ಯಾಸವೂ ನಿಲ್ಲಲಿ, ಎದೆಗೆ ತಿಕ್ಕುವುದೂ ಬೇಡ. ದೊಡ್ಡವರು ಜ್ವರಕ್ಕೆ ಪ್ಯಾರಸಿಟಮಾಲ್ ನುಂಗಿ ಮೇಲೆ ಮೆಣಸು ಹಾಕಿದ ರಮ್ ಕುಡಿಯುವುದುಂಟಲ್ಲ, ಎರಡನ್ನೂ ಸಂಭಾಳಿಸಬೇಕಾದದ್ದು ಅದೇ ಒಂದು ಲಿವರ್. ಮನೆಯಲ್ಲಿ ಮಾಡಿದ ವೈನು, ವೀಳ್ಯದೆಲೆಯದಾಗಲಿ ಶುಂಠಿಯದಾಗಲಿ, ಹೊಟ್ಟೆಗೆ ಒಳ್ಳೆಯದು ಅಂತ ಮಾರುವವರ ಮಾತು ಕೇಳಬೇಡಿ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಅಳತೆ ಮದ್ಯಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಬ್ಬಕ್ಕೆ ಕುಡಿಯುವವರು ಹಬ್ಬ ಅಂತ ಹೇಳಿ ಕುಡಿಯಲಿ, ಔಷಧಿ ಅಂತ ಹೇಳಿ ಅಲ್ಲ.

ಬೆಣ್ಣೆಹಣ್ಣು ಚೆನ್ನಾದ ಹಣ್ಣು, ಒಳ್ಳೆಯ ಕೊಬ್ಬು, ನಾರು ಎರಡೂ ಇದೆ. ಅದಕ್ಕೆ ಹಾಲು, ನಾಲ್ಕು ಚಮಚ ಸಕ್ಕರೆ, ಐಸ್‌ಕ್ರೀಮ್ ಹಾಕಿ ಜ್ಯೂಸ್ ಮಾಡಿದರೆ ಹಣ್ಣಿನ ಹೆಸರು ಮಾತ್ರ ಉಳಿಯುತ್ತದೆ. ಉಪ್ಪು, ಮೆಣಸಿನ ಪುಡಿ, ನಿಂಬೆ ಹಿಂಡಿ ರೊಟ್ಟಿಗೆ ಹಚ್ಚಿಕೊಂಡು ತಿನ್ನಿ. ಕಿಡ್ನಿ ಸೋತವರು ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಕಿತ್ತಳೆಯನ್ನು ಹಿಂಡಿ ಕುಡಿಯುವುದಕ್ಕಿಂತ ಸುಲಿದು ತಿನ್ನಿ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಾಡ ಕಿತ್ತಳೆ ಸಿಕ್ಕರೆ ಬಿಡಬೇಡಿ, ಈಗ ಸಿಗುವುದೇ ಅಪರೂಪ.

ಇನ್ನೊಂದು ಹೇಳಲು ಮರೆತೆ, ಮತ್ತೆ ಕಾಫಿಯದೇ. ಖಾಲಿ ಹೊಟ್ಟೆಯ ರಕ್ತಪರೀಕ್ಷೆಗೆ ಹಳ್ಳಿಯಿಂದ ಮೊದಲ ಬಸ್ಸಿಗೆ ಬರುವವರು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಳಿಗೆ ಒಂದು ಕಾಫಿ ಕುಡಿದು ಲ್ಯಾಬಿಗೆ ಹೋಗುತ್ತಾರೆ. ಕೇಳಿದರೆ “ಏನೂ ತಿಂದಿಲ್ಲ ಸಿಸ್ಟರೇ, ಬರೀ ಕಾಫಿ.” ಬರೀ ಕಾಫಿಯೂ ಬೇಡ, ಸಕ್ಕರೆ ಇಲ್ಲದ್ದೂ ಬೇಡ, ನೀರು ಮಾತ್ರ. ಎಂಟರಿಂದ ಹತ್ತು ಗಂಟೆ ಹೊಟ್ಟೆ ಖಾಲಿ ಇರಬೇಕು. ಚೀಲದಲ್ಲಿ ಎರಡು ರೊಟ್ಟಿ ಕಟ್ಟಿಕೊಂಡು ಬನ್ನಿ. ರಕ್ತ ಕೊಟ್ಟು ಅಲ್ಲೇ ಬೆಂಚಿನ ಮೇಲೆ ಕೂತು ತಿನ್ನಿ, ಒಂದು ಗಂಟೆ ಕಳೆದ ಮೇಲೆ ಹೋಗಿ ಕಾಫಿ ಕುಡಿಯಿರಿ.